ಬೋರ್ ತೂತು ಯಾಕೆ ಮುಚ್ಚಿಕೊಳ್ಳಲ್ಲ? ಕಲ್ಲಿನೊಳಗಿನ ಸ್ಟ್ರೆಸ್ ಮತ್ತು ಕಂಪ್ಯೂಟರಿನ ಬಣ್ಣದ ಚಿತ್ರ

ನಮ್ಮ ಗುಂಪಿನಲ್ಲಿ ಒಬ್ಬನ ಊರು ರಾಂಪುರ. ಚಿತ್ರದುರ್ಗ ಜಿಲ್ಲೆ, ಮೊಳಕಾಲ್ಮೂರು ತಾಲ್ಲೂಕು. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗೋ ದಾರಿಯಲ್ಲಿ ಸಿಗುತ್ತೆ. ಮಳೆ ಕಡಿಮೆ, ಕಲ್ಲು ಜಾಸ್ತಿ ಇರೋ ಸೀಮೆ. ಅಲ್ಲಿ ಯಾರದಾದ್ರೂ ಹೊಲದಲ್ಲಿ ಬೋರ್ ಲಾರಿ ನಿಂತ್ರೆ ಅದು ಅಕ್ಕಪಕ್ಕದ ನಾಲ್ಕು ಹೊಲದವರಿಗೂ ಸುದ್ದಿ. ಕಳೆದ ರಜೆಯಲ್ಲಿ ಅವನ ದೊಡ್ಡಪ್ಪ ಬೋರ್ ಹಾಕಿಸಿದರು. ಹಿಟ್ಟಿನ ಹಾಗೆ ಕಲ್ಲುಪುಡಿ ಹಾರ್ತಾ ಇರುವಾಗ ಅವರು ಇವನನ್ನ ಕೇಳಿದರಂತೆ: "ಇಂಜಿನಿಯರಿಂಗ್ ಓದ್ತೀಯಲ್ಲಪ್ಪ, ಇದೊಂದು ಹೇಳು ನೋಡೋಣ. ಕೇಸಿಂಗ್ ಪೈಪು ಮೇಲೆ ಒಂದಿಷ್ಟು ಅಡಿ ಮಾತ್ರ ಇಳಿಸ್ತಾರೆ. ಅದರ ಕೆಳಗೆ ಐನೂರು ಅಡಿ ಬರೀ ತೂತು. ಸುತ್ತ ಅಷ್ಟೊಂದು ಕಲ್ಲು ಒತ್ತುತ್ತಿದ್ರೂ ಅದು ಯಾಕೆ ಮುಚ್ಕೊಳ್ಳಲ್ಲ?"

ಇವನಿಗೆ ಉತ್ತರ ಗೊತ್ತಿರಲಿಲ್ಲ. ಹಾಸ್ಟೆಲಿಗೆ ಬಂದು ನಮ್ಮನ್ನ ಕೇಳಿದ. ನಮಗೂ ಗೊತ್ತಿರಲಿಲ್ಲ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪಾಸಾಗಿದ್ದೇವೆ ಅನ್ನೋದು ಬೇರೆ ಮಾತು! ಹೀಗಾಗಿ ಮಿನಿ ಪ್ರಾಜೆಕ್ಟಿಗೆ ಇದನ್ನೇ ತಗೊಂಡ್ವಿ: ನೆಲದ ಒಳಗೆ ತೂತು ಕೊರೆದಾಗ ಸುತ್ತಲಿನ ಕಲ್ಲಿನಲ್ಲಿ ಸ್ಟ್ರೆಸ್ ಹೇಗೆ ಬದಲಾಗುತ್ತೆ, ಅದನ್ನ ಸಾಫ್ಟ್‌ವೇರಿನಲ್ಲಿ ಹೇಗೆ ಲೆಕ್ಕ ಹಾಕಿ ತೋರಿಸ್ತಾರೆ. ಕಲಿತದ್ದನ್ನ, ಅದಕ್ಕಿಂತ ಮುಖ್ಯವಾಗಿ ಎಡವಿದ್ದನ್ನ, ಇಲ್ಲಿ ಬರೆದಿದ್ದೇವೆ.

ಕಲ್ಲು ಮೊದಲೇ ಒತ್ತಿಸಿಕೊಂಡು ಕೂತಿದೆ

ತರಗತಿಯಲ್ಲಿ ನಾವು ನೋಡೋ ಬೀಮ್ ಮೇಲೆ ಮೊದಲು ಲೋಡ್ ಇರೋದಿಲ್ಲ. ನಾವು ಲೋಡ್ ಇಡ್ತೀವಿ, ಸ್ಟ್ರೆಸ್ ಬರುತ್ತೆ. ನೆಲದೊಳಗಿನ ಲೆಕ್ಕ ಇದಕ್ಕೆ ತಿರುಗುಮುರುಗು. ನಾವು ಹೋಗೋಕೆ ಮೊದಲೇ, ಕೋಟ್ಯಂತರ ವರ್ಷಗಳಿಂದ, ಅಲ್ಲಿ ಸ್ಟ್ರೆಸ್ ಇದೆ. ನಾವು ಲೋಡ್ ಇಡ್ತಿಲ್ಲ, ಕಲ್ಲನ್ನ ತೆಗೀತಿದ್ದೇವೆ. ತೆಗೆದ ಕಲ್ಲು ಹೊತ್ತಿದ್ದ ಭಾರವನ್ನ ಈಗ ಪಕ್ಕದ ಕಲ್ಲು ಹೊರಬೇಕು.

ಮೇಲಿನಿಂದ ಬರೋ ಲಂಬ ಸ್ಟ್ರೆಸ್ ಅಂದಾಜು ಮಾಡೋದು ಸುಲಭ. ಗಟ್ಟಿ ಕಲ್ಲಿನ ತೂಕ ಒಂದು ಘನ ಮೀಟರಿಗೆ ಸುಮಾರು 2.7 ಟನ್. ಅಂದರೆ ಪ್ರತಿ ಮೀಟರ್ ಆಳಕ್ಕೆ ಸುಮಾರು 0.027 ಮೆಗಾಪ್ಯಾಸ್ಕಲ್ ಸೇರ್ತಾ ಹೋಗುತ್ತೆ. 600 ಅಡಿ ಬೋರಿನ ತಳದಲ್ಲಿ, ಅಂದರೆ ಸುಮಾರು 183 ಮೀಟರಿನಲ್ಲಿ, ಹತ್ತಿರ ಹತ್ತಿರ 5 ಮೆಗಾಪ್ಯಾಸ್ಕಲ್. ನಮ್ಮ ಎಂ20 ಕಾಂಕ್ರೀಟು 20 ಮೆಗಾಪ್ಯಾಸ್ಕಲ್ ತಡೆಯೋದಕ್ಕೆ ಮಾಡಿದ್ದು. ಹೋಲಿಸಿ ನೋಡಿದ್ರೆ 5 ದೊಡ್ಡದೇನಲ್ಲ.

ಅಡ್ಡ ದಿಕ್ಕಿನ ಸ್ಟ್ರೆಸ್ ಮಾತ್ರ ಹೀಗೆ ಸುಲಭಕ್ಕೆ ಸಿಗಲ್ಲ. ಅದು ಮೇಲಿನ ತೂಕದಿಂದಷ್ಟೇ ಬರೋದಿಲ್ಲ. ಭೂಫಲಕಗಳ ತಳ್ಳಾಟ, ಮೇಲಿದ್ದ ಕಲ್ಲು ಕೊಚ್ಚಿಹೋದ ಹಳೇ ಇತಿಹಾಸ ಎಲ್ಲಾ ಅದರಲ್ಲಿ ಸೇರಿರುತ್ತೆ. ಭಾರತದ ಉಪಖಂಡ ಇನ್ನೂ ಉತ್ತರಕ್ಕೆ ಏಷ್ಯಾವನ್ನ ಒತ್ತುತ್ತಾ ಇದೆಯಲ್ಲ! ಅಡ್ಡ ಸ್ಟ್ರೆಸ್ಸನ್ನ ಲಂಬ ಸ್ಟ್ರೆಸ್ಸಿನಿಂದ ಭಾಗಿಸಿದರೆ ಬರೋ ಸಂಖ್ಯೆಗೆ ಎಲ್ಲರೂ ಇಡೋ ಹೆಸರು 'ಕೆ'. ಹೆಚ್ಚು ಆಳವಿಲ್ಲದ ಗಟ್ಟಿ ಕಲ್ಲಿನಲ್ಲಿ ಕೆ ಒಂದಕ್ಕಿಂತ ಜಾಸ್ತಿ ಇರೋದು, ಅಂದರೆ ಮೇಲಿನಿಂದ ಬೀಳೋ ಒತ್ತಡಕ್ಕಿಂತ ಪಕ್ಕದ ಒತ್ತಡವೇ ಹೆಚ್ಚಾಗಿರೋದು, ಪ್ರಪಂಚದ ತುಂಬಾ ಕಡೆ ಅಳೆದು ಕಂಡಿರೋ ಸಂಗತಿ. ಈ ಕೆ ನೆನಪಿಟ್ಟುಕೊಳ್ಳಿ. ನಾವು ಬಿದ್ದದ್ದು ಇಲ್ಲೇ.

1898ರ ಒಂದು ಲೆಕ್ಕ

ಜಾತ್ರೆಯಲ್ಲಿ ಜನ ಒಂದೇ ದಿಕ್ಕಿಗೆ ಹೋಗ್ತಾ ಇದ್ದಾರೆ, ನಡುವೆ ತೇರು ನಿಂತಿದೆ ಅಂದುಕೊಳ್ಳಿ. ಜನ ತೇರಿನ ಎರಡೂ ಪಕ್ಕದಿಂದ ಹಾದು ಹೋಗಬೇಕು. ಪಕ್ಕದಲ್ಲಿ ನೂಕುನುಗ್ಗಲು, ತೇರಿನ ಮುಂದೆ ಹಿಂದೆ ಒಂದಿಷ್ಟು ಖಾಲಿ ಜಾಗ. ತೇರಿನಿಂದ ದೂರ ಹೋದಷ್ಟೂ ಅದು ಇರೋದೇ ಜನಕ್ಕೆ ಗೊತ್ತಾಗಲ್ಲ. ಕಲ್ಲಿನಲ್ಲಿ ದುಂಡನೆಯ ತೂತು ಇದ್ದರೆ ಸ್ಟ್ರೆಸ್ ಮಾಡೋದೂ ಇದನ್ನೇ.

ಇದರ ಸರಿಯಾದ ಗಣಿತವನ್ನ ಜರ್ಮನಿಯ ಎಂಜಿನಿಯರ್ ಕಿರ್ಷ್ 1898ರಲ್ಲಿ ಕೊಟ್ಟರು. ಕಂಪ್ಯೂಟರ್ ಇಲ್ಲದ ಕಾಲದ ಸೂತ್ರ, ಆದರೂ ಇವತ್ತಿನ ಸಾಫ್ಟ್‌ವೇರುಗಳು ಸರಿ ಇವೆಯೋ ಇಲ್ವೋ ಅಂತ ಪರೀಕ್ಷೆ ಮಾಡೋಕೆ ಈಗಲೂ ಇದನ್ನೇ ಇಟ್ಟುಕೊಳ್ಳೋದು. ಅಡ್ಡಡ್ಡ ಹೋಗೋ ದುಂಡನೆಯ ಸುರಂಗಕ್ಕೆ ಅದು ಹೇಳೋದು ಇಷ್ಟು:

ಸುರಂಗದ ಚಾವಣಿಯ ಅಂಚಿನಲ್ಲಿ ಸ್ಟ್ರೆಸ್ = (3ಕೆ − 1) × ಲಂಬ ಸ್ಟ್ರೆಸ್
ಪಕ್ಕದ ಗೋಡೆಯ ಅಂಚಿನಲ್ಲಿ ಸ್ಟ್ರೆಸ್ = (3 − ಕೆ) × ಲಂಬ ಸ್ಟ್ರೆಸ್

ಕೆ = 1 ಇದ್ದರೆ ಸುತ್ತಲೂ ಒಂದೇ ಸಮ, ಎರಡು ಪಟ್ಟು. ಕೆ = 2 ಆದರೆ ಚಾವಣಿಯಲ್ಲಿ ಐದು ಪಟ್ಟು, ಗೋಡೆಯಲ್ಲಿ ಒಂದೇ ಪಟ್ಟು. ಕೆ ಮೂರನೇ ಒಂದು ಭಾಗ ಆದರೆ ಚಾವಣಿಯಲ್ಲಿ ಸೊನ್ನೆ. ಅದಕ್ಕಿಂತ ಕಡಿಮೆ ಆದರೆ ಚಾವಣಿಯಲ್ಲಿ ಎಳೆತ, ಅಂದರೆ ಟೆನ್ಷನ್. ಕಲ್ಲಿಗೆ ಒತ್ತಿದರೆ ತಡೆಯೋ ಶಕ್ತಿ ಇದೆ, ಎಳೆದರೆ ಬಹಳ ಕಡಿಮೆ.

ಈ ಎರಡು ಸಾಲಿನಲ್ಲಿ ಎರಡು ಸಂಗತಿ ಇಲ್ಲ, ನೋಡಿದಿರಾ? ಒಂದು, ತೂತಿನ ಅಳತೆ. ಆರೂವರೆ ಇಂಚಿನ ಬೋರ್ ಆದರೂ ಅಷ್ಟೇ, ಐದು ಮೀಟರ್ ಸುರಂಗ ಆದರೂ ಅಷ್ಟೇ, ಅಂಚಿನ ಸ್ಟ್ರೆಸ್ ಒಂದೇ. (ದೊಡ್ಡ ತೂತಿಗೆ ಜಾಸ್ತಿ ಬಿರುಕುಗಳು ಸಿಗ್ತವೆ, ಅದು ಬೇರೆ ಅಪಾಯ.) ಇನ್ನೊಂದು, ಕಲ್ಲು ಎಷ್ಟು ಬಿಗಿ ಅನ್ನೋ ಯಂಗ್ಸ್ ಮಾಡ್ಯುಲಸ್. ಕಲ್ಲು ಎಷ್ಟು ಸರಿಯುತ್ತೆ ಅನ್ನೋದಕ್ಕೆ ಅದು ಬೇಕು, ಇಲ್ಲಿನ ಸ್ಟ್ರೆಸ್ಸಿಗೆ ಬೇಡ.

ದೂರಕ್ಕೂ ಒಂದು ಲೆಕ್ಕ ಇದೆ. ಕೆ = 1 ಇದ್ದಾಗ ಸುತ್ತುವರಿದ ಸ್ಟ್ರೆಸ್ ಮೂಲಕ್ಕಿಂತ ಎಷ್ಟು ಜಾಸ್ತಿ ಅನ್ನೋದು ತ್ರಿಜ್ಯವನ್ನ ದೂರದಿಂದ ಭಾಗಿಸಿ ವರ್ಗ ಮಾಡಿದಷ್ಟು. ತೂತಿನ ಅಂಚಿನಲ್ಲಿ ಶೇ 100 ಹೆಚ್ಚು. ಕೇಂದ್ರದಿಂದ ಎರಡು ತ್ರಿಜ್ಯ ದೂರದಲ್ಲಿ ಶೇ 25, ಮೂರು ತ್ರಿಜ್ಯದಲ್ಲಿ ಶೇ 11, ಹತ್ತು ತ್ರಿಜ್ಯದಲ್ಲಿ ಶೇ 1.

ಈಗ ದೊಡ್ಡಪ್ಪನ ಬೋರಿಗೆ ಬರೋಣ. ಬೋರ್ ನೆಟ್ಟಗೆ ಕೆಳಗೆ ಹೋಗುತ್ತೆ, ಹಾಗಾಗಿ ಅದನ್ನ ಸುತ್ತಲಿಂದ ಹಿಸುಕೋದು ಮೇಲಿನ ತೂಕ ಅಲ್ಲ, ಎರಡು ಅಡ್ಡ ಸ್ಟ್ರೆಸ್ಸುಗಳು. 600 ಅಡಿಯಲ್ಲಿ ಒಂದು ದಿಕ್ಕಿನಲ್ಲಿ 10, ಇನ್ನೊಂದರಲ್ಲಿ 5 ಮೆಗಾಪ್ಯಾಸ್ಕಲ್ ಇದೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ತೂತಿನ ಅಂಚಿನಲ್ಲಿ ಅತಿ ಹೆಚ್ಚು ಅಂದರೆ 3 × 10 − 5 = 25. ಒಳ್ಳೇ ಗ್ರಾನೈಟ್ ತುಂಡು ಲ್ಯಾಬಿನ ಮಷೀನಿನಲ್ಲಿ ಪುಡಿಯಾಗೋಕೆ ಸಾಮಾನ್ಯವಾಗಿ 100ರ ಮೇಲೇ ಬೇಕು. ತೂತಿನ ಸುತ್ತಲಿನ ಕಲ್ಲು ಹಳೇ ಬಾವಿಯ ಕಲ್ಲುಕಟ್ಟಡದ ಹಾಗೆ ಒಂದನ್ನೊಂದು ಒತ್ತಿ ಹಿಡಿದುಕೊಂಡು ನಿಲ್ಲುತ್ತೆ. ಮೇಲಿನ ಮಣ್ಣಿಗೂ ಕೊಳೆತ ಕಲ್ಲಿಗೂ ಆ ಶಕ್ತಿ ಇಲ್ಲ. ಕೇಸಿಂಗ್ ಬೇಕಾಗೋದು ಅಲ್ಲಿಗೇ.

ಸಾಫ್ಟ್‌ವೇರ್ ಮಾಡೋದೇನು?

ಕಿರ್ಷ್ ಸೂತ್ರ ದುಂಡನೆಯ ಒಂದೇ ತೂತಿಗೆ. ಕುದುರೆ ಲಾಳದ ಆಕಾರದ ಸುರಂಗ, ಪಕ್ಕಪಕ್ಕ ಎರಡು ಸುರಂಗ, ನಡುವೆ ಕಂಬ ಬಿಟ್ಟ ಗಣಿ, ಅಡ್ಡ ಹಾದ ಬಿರುಕು ಇವಕ್ಕೆಲ್ಲ ಕೈಲೆಕ್ಕ ಸಾಲಲ್ಲ. ಇಲ್ಲಿ ಎರಡು ದಾರಿ ಇವೆ.

ಒಂದು, ಫೈನೈಟ್ ಎಲಿಮೆಂಟ್. ಸುತ್ತಲಿನ ಕಲ್ಲನ್ನೆಲ್ಲ ಸಣ್ಣ ತ್ರಿಕೋನಗಳಾಗಿ ಕತ್ತರಿಸಿ, ಪ್ರತಿ ಮೂಲೆಯಲ್ಲೂ ಬಲ ಸಮ ಆಗೋ ಹಾಗೆ ಸಾವಿರಾರು ಸಮೀಕರಣ ಒಟ್ಟಿಗೆ ಬಿಡಿಸೋದು. ಆರ್‌ಎಸ್2 ಕೆಲಸ ಮಾಡೋದು ಹೀಗೆ. ಎರಡು, ಬೌಂಡರಿ ಎಲಿಮೆಂಟ್. ಕಲ್ಲನ್ನ ಕತ್ತರಿಸೋದಿಲ್ಲ, ತೂತಿನ ಅಂಚನ್ನ ಮಾತ್ರ ತುಂಡು ಮಾಡೋದು. ಎಕ್ಸಾಮಿನ್2ಡಿ ಈ ಜಾತಿ. ಬೇಗ ಮುಗಿಯುತ್ತೆ, ಆದರೆ ಕಲ್ಲು ಎಲ್ಲಾ ಕಡೆ ಒಂದೇ ರೀತಿ, ಮುರಿಯೋದೇ ಇಲ್ಲ ಅಂತ ಅಂದುಕೊಳ್ಳುತ್ತೆ. ಪೀಟರ್ ಕುಂಡಾಲ್ ಅವರ ಕೆಲಸದಿಂದ ಬಂದ ಫ್ಲ್ಯಾಕ್ ಮತ್ತೆ ಬೇರೆ ರೀತಿ. ಕಲ್ಲು ಮುರಿದ ಮೇಲೆ ಏನಾಗುತ್ತೆ ಅನ್ನೋದನ್ನೂ ಹಂತ ಹಂತವಾಗಿ ಹಿಂಬಾಲಿಸೋಕೆ ಅದು ಹೆಸರುವಾಸಿ.

ಯಾವುದೇ ಆಗಲಿ ಕ್ರಮ ಒಂದೇ. ಮೊದಲು ತೂತಿಲ್ಲದ ಕಲ್ಲಿಗೆ ಅಲ್ಲಿರೋ ಸ್ಟ್ರೆಸ್ ತುಂಬಬೇಕು. ಆಮೇಲೆ ತೂತಿನ ಜಾಗದ ಕಲ್ಲನ್ನ ತೆಗೀಬೇಕು. ಹೊಸ ಸಮತೋಲನ ಹುಡುಕಬೇಕು. ಕೊನೆಗೆ ಸಂಖ್ಯೆಗಳನ್ನ ಬಣ್ಣ ಮಾಡಿ ತೋರಿಸಬೇಕು. ನೋಡೋಕೆ ಆಕರ್ಷಕ ಕೊನೇ ಹಂತ, ಫಲಿತಾಂಶ ನಿಂತಿರೋದು ಮೊದಲನೇ ಹಂತದ ಮೇಲೆ.

ನಮ್ಮ ನೀಲಿ ಚಾವಣಿ

ಈಗ ನಮ್ಮ ತಪ್ಪಿನ ಕತೆ. 200 ಮೀಟರ್ ಆಳದಲ್ಲಿ 5 ಮೀಟರ್ ವ್ಯಾಸದ ಸುರಂಗದ ಮಾಡೆಲ್ ಮಾಡಿದ್ವಿ. ಕಲ್ಲಿನ ತೂಕ ಕೊಟ್ವಿ, ಗುರುತ್ವ ಆನ್ ಮಾಡಿದ್ವಿ, ಎರಡೂ ಪಕ್ಕ ರೋಲರ್ ಇಟ್ವಿ, ಪಾಯ್ಸನ್ ಅನುಪಾತ 0.25 ಹಾಕಿದ್ವಿ. ರನ್ ಕೊಟ್ಟಾಗ ಚೆಂದದ ಚಿತ್ರ ಬಂತು. ಗೋಡೆಗಳು ಕೆಂಪು, ಚಾವಣಿ ಪೂರ್ತಿ ನೀಲಿ. "ಚಾವಣಿ ಸೇಫ್ ಮೇಡಂ, ಗೋಡೆಗೆ ಸಪೋರ್ಟ್ ಕೊಟ್ಟರೆ ಸಾಕು" ಅಂತ ಸ್ಲೈಡ್ ಮಾಡಿಕೊಂಡು ಹೋದ್ವಿ.

ಗೈಡ್ ಮೇಡಂ ಒಂದೇ ಪ್ರಶ್ನೆ ಕೇಳಿದರು: "ಕೆ ಎಷ್ಟು ಕೊಟ್ಟಿದ್ದೀರಾ?"

ನಾವು ಕೊಟ್ಟೇ ಇರಲಿಲ್ಲ. ಆದರೆ ಸಾಫ್ಟ್‌ವೇರ್ ಒಂದನ್ನ ತಾನೇ ತಗೊಂಡಿತ್ತು. ಗುರುತ್ವ ಮಾತ್ರ ಇದ್ದು, ಪಕ್ಕಕ್ಕೆ ಸರಿಯೋಕೆ ಬಿಡದೆ ಇದ್ದರೆ ಅಡ್ಡ ಸ್ಟ್ರೆಸ್ ಬರೋದು ಪಾಯ್ಸನ್ ಅನುಪಾತದಿಂದ ಮಾತ್ರ. 0.25ನ್ನ 0.75ರಿಂದ ಭಾಗಿಸಿದರೆ ಸರಿಯಾಗಿ ಮೂರನೇ ಒಂದು ಭಾಗ. ಮೇಲಿನ ಸೂತ್ರಕ್ಕೆ ಹಾಕಿ ನೋಡಿ: ಚಾವಣಿಯಲ್ಲಿ ಸೊನ್ನೆ. ನಮ್ಮ ನೀಲಿ ಬಣ್ಣ ಕಲ್ಲಿನ ಗುಣ ಆಗಿರಲಿಲ್ಲ, ನಮ್ಮ ಮರೆವಿನ ಗುಣ ಆಗಿತ್ತು.

ಮೇಡಂ ಕೆ = 2 ಹಾಕಿಸಿದರು. ಲಂಬ ಸ್ಟ್ರೆಸ್ 5.4. ಚಾವಣಿಯಲ್ಲಿ ಐದು ಪಟ್ಟು, 27 ಮೆಗಾಪ್ಯಾಸ್ಕಲ್. ಗೋಡೆಯಲ್ಲಿ ಬರೀ 5.4. ಚಿತ್ರ ಪೂರ್ತಿ ತಲೆಕೆಳಗಾಯಿತು. ಕೆಂಪು ಇದ್ದ ಕಡೆ ನೀಲಿ, ನೀಲಿ ಇದ್ದ ಕಡೆ ಕೆಂಪು. ಅದೇ ಸುರಂಗ, ಅದೇ ಕಲ್ಲು, ಅದೇ ಸಾಫ್ಟ್‌ವೇರ್. ನಾವು ಸಪೋರ್ಟ್ ಬೇಡ ಅಂದ ಜಾಗದ ಕೆಳಗೇ ಜನ ನಡೆದಾಡ್ತಾರೆ ಅನ್ನೋದು ಆಗ ತಲೆಗೆ ಹೊಳೀತು.

ಇನ್ನೊಂದನ್ನೂ ಅವರು ಹೇಳಿದರು. ನೀಲಿ ಅಂದರೆ ಸೇಫ್ ಅಂತ ಅಲ್ಲವೇ ಅಲ್ಲ. ಬಿರುಕುಗಳಿರೋ ಕಲ್ಲಿನ ಚಾವಣಿಯಲ್ಲಿ ಒತ್ತಡ ತೀರಾ ಕಡಿಮೆ ಆದರೆ ತುಂಡುಗಳನ್ನ ಹಿಡಿದಿಡೋಕೆ ಏನೂ ಇರಲ್ಲ, ಸಡಿಲವಾಗಿ ಕೆಳಗೆ ಬೀಳ್ತವೆ. ಜಾಸ್ತಿ ಸ್ಟ್ರೆಸ್ ಕಲ್ಲನ್ನ ಒಡೆಯುತ್ತೆ, ಕಡಿಮೆ ಸ್ಟ್ರೆಸ್ ಕಲ್ಲನ್ನ ಬಿಟ್ಟುಬಿಡುತ್ತೆ. ಹಾಗಾಗಿ ಬರೀ ಸ್ಟ್ರೆಸ್ ಚಿತ್ರ ಸಾಲದು. ಆ ಜಾಗದ ಕಲ್ಲಿನ ಶಕ್ತಿಯನ್ನ ಅಲ್ಲಿನ ಸ್ಟ್ರೆಸ್ಸಿನ ಜೊತೆ ಹೋಲಿಸೋ ಚಿತ್ರ ಬೇಕು. ಆ ಶಕ್ತಿಯನ್ನ ಲ್ಯಾಬಿನ ತುಂಡಿನಿಂದ ನೇರ ತಗೊಳ್ಳೋ ಹಾಗಿಲ್ಲ, ಬಿರುಕುಗಳಿಗೆ ತಕ್ಕ ಹಾಗೆ ಇಳಿಸಬೇಕು. ಅದಕ್ಕೆ ಎವರ್ಟ್ ಹೂಕ್ ಮತ್ತು ಬ್ರೌನ್ 1980ರಲ್ಲಿ ಕೊಟ್ಟ ಸೂತ್ರವನ್ನ ಈಗ ಎಲ್ಲಾ ಕಡೆ ಬಳಸ್ತಾರೆ.

ಕೋಲಾರದಲ್ಲಿ ಇದು ಸ್ಲೈಡ್ ಆಗಿರಲಿಲ್ಲ

ಇದೇ ಲೆಕ್ಕ ಜೀವದ ಪ್ರಶ್ನೆ ಆಗಿದ್ದ ಜಾಗ ನಮ್ಮ ರಾಜ್ಯದಲ್ಲೇ ಇದೆ: ಕೋಲಾರ ಚಿನ್ನದ ಗಣಿ, ಕೆಜಿಎಫ್. ಸಿನಿಮಾ ಅಲ್ಲ, ನಿಜವಾದದ್ದು. 1880ರ ದಶಕದಿಂದ ಜಾನ್ ಟೇಲರ್ ಕಂಪನಿ ಅಗೆದ, 1956ರಲ್ಲಿ ಸರ್ಕಾರದ ಕೈಗೆ ಬಂದ, 2001ರ ಫೆಬ್ರವರಿ 28ರಂದು ಮುಚ್ಚಿದ ಗಣಿ. ಅದರಲ್ಲಿ ಚಾಂಪಿಯನ್ ರೀಫ್ ಸುಮಾರು 3.2 ಕಿಲೋಮೀಟರ್ ಆಳ, ಪ್ರಪಂಚದ ಅತಿ ಆಳದ ಗಣಿಗಳಲ್ಲಿ ಒಂದು.

ಕೈಲೆಕ್ಕ ಮಾಡಿ. 3200 × 0.027 = ಸುಮಾರು 86 ಮೆಗಾಪ್ಯಾಸ್ಕಲ್. ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಸುಮಾರು 880 ಕಿಲೋ. ಕೆ = 1 ಅಂತ ಮೆತ್ತಗೆ ಅಂದುಕೊಂಡರೂ ದುಂಡು ತೂತಿನ ಅಂಚಿನಲ್ಲಿ ಎರಡು ಪಟ್ಟು, 173. ರಾಂಪುರದ ಬೋರಿನಲ್ಲಿ ಸ್ಟ್ರೆಸ್ಸಿಗೂ ಕಲ್ಲಿನ ಶಕ್ತಿಗೂ ತುಂಬಾ ದೂರ ಇತ್ತು. ಇಲ್ಲಿ ಎರಡೂ ಮುಖಾಮುಖಿ.

ಗಣಿಯಲ್ಲಿ ತೂತು ದುಂಡಗೂ ಇರಲ್ಲ. ಅದಿರು ತೆಗೆದ ಜಾಗ ಉದ್ದುದ್ದ ಬಿರುಕಿನ ಹಾಗೆ ಬೆಳೀತಾ ಹೋಗುತ್ತೆ, ನಡುವೆ ತೆಗೆಯದೆ ಉಳಿದ ಕಲ್ಲು ಕಂಬ ಆಗುತ್ತೆ. ಸಮತಟ್ಟಾದ ಪದರದಲ್ಲಿ ನಾಲ್ಕರಲ್ಲಿ ಮೂರು ಪಾಲು ತೆಗೆದರೆ, ನಾಲ್ಕು ಪಾಲಿನ ಭಾರ ಉಳಿದ ಒಂದು ಪಾಲಿನ ಮೇಲೆ. ಕೋಲಾರದ ಅದಿರಿನ ಪದರ ಕಡಿದಾಗಿ ಇಳಿಯೋದ್ರಿಂದ ಅಲ್ಲಿ ಲೆಕ್ಕ ಇಷ್ಟು ಸರಳ ಅಲ್ಲ, ಆದರೆ ತತ್ವ ಅದೇ: ಎರಡು ಕಡೆಯಿಂದ ಅಗೀತಾ ಬಂದರೆ ನಡುವೆ ಉಳಿಯೋ ತುಂಡು ದಿನದಿನಕ್ಕೂ ಬಿಗಿಯಾಗುತ್ತೆ.

ಆ ತುಂಡು ಮೆತ್ತಗಿದ್ದಿದ್ದರೆ ನಿಧಾನಕ್ಕೆ ಕುಸೀತಿತ್ತು. ಗಟ್ಟಿ ಕಲ್ಲು ಹಾಗೆ ಮಾಡಲ್ಲ. ಸ್ಪ್ರಿಂಗಿನ ಹಾಗೆ ಶಕ್ತಿ ಕೂಡಿಟ್ಟುಕೊಂಡು ಒಂದೇ ಸಲಕ್ಕೆ ಸಿಡಿಯುತ್ತೆ. ಇದೇ ರಾಕ್‌ಬರ್ಸ್ಟ್. ಕೋಲಾರದಲ್ಲಿ ಹಿಂದೆ ಇದನ್ನ 'ಏರ್ ಬ್ಲಾಸ್ಟ್' ಅಂತ ಕರೀತಿದ್ದರು. ದೊಡ್ಡದಾದರೆ ಮೇಲೆ ಊರಿನ ಮನೆಗಳೂ ನಡುಗುತ್ತಿದ್ದವು. ಒಳಗಿದ್ದವರಲ್ಲಿ ಎಷ್ಟೋ ಕಾರ್ಮಿಕರು ಮನೆಗೆ ಮರಳಲಿಲ್ಲ. ಖಾಲಿಯಾದ ಜಾಗಕ್ಕೆ ಗ್ರಾನೈಟ್ ಕಲ್ಲು ಜೋಡಿಸಿ ಕಟ್ಟಿದ ಗೋಡೆಗಳ ಆಸರೆ ಕೊಡ್ತಿದ್ದರು. ಎಲ್ಲಿ ಮೊದಲು ಅಗೆಯಬೇಕು, ಯಾವ ತುಂಡನ್ನ ಕೊನೆಗೆ ಉಳಿಯೋಕೆ ಬಿಡಬಾರದು ಅನ್ನೋ ಕ್ರಮ ಬಹಳ ಮುಖ್ಯ ಆಗಿತ್ತು. ಸಾಫ್ಟ್‌ವೇರ್ ಹೆಚ್ಚು ಸಹಾಯ ಮಾಡೋದು ಈ ಜಾಗದಲ್ಲೇ: ಹತ್ತು ರೀತಿಯ ಕ್ರಮವನ್ನ ಕಂಪ್ಯೂಟರಿನಲ್ಲಿ ಅಗೆದು ನೋಡಿ, ಯಾವುದರಲ್ಲಿ ಸ್ಟ್ರೆಸ್ ಒಂದೇ ಕಡೆ ಗುಂಪು ಸೇರುತ್ತೆ ಅಂತ ಮೊದಲೇ ತಿಳಿಯಬಹುದು. ಇಂಥ ಅಧ್ಯಯನಕ್ಕೇ 1988ರಲ್ಲಿ ಕೆಜಿಎಫ್‌ನಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಶುರುವಾಯಿತು. ಅಣೆಕಟ್ಟು, ಸುರಂಗ, ನೆಲದಡಿಯ ವಿದ್ಯುದಾಗಾರಗಳಿಗೂ ಅದು ಕೆಲಸ ಮಾಡುತ್ತೆ.

ಇಷ್ಟಾದರೂ ಸ್ಟ್ರೆಸ್ ಚಿತ್ರ 'ಎಲ್ಲಿ' ಅನ್ನೋದನ್ನ ಹೇಳಬಹುದೇ ಹೊರತು 'ಯಾವಾಗ' ಅನ್ನೋದನ್ನ ಹೇಳಲ್ಲ. ಅದಕ್ಕೆ ಕಲ್ಲಿನ ಸಣ್ಣ ಸಣ್ಣ ಸಿಡಿತಗಳನ್ನ ಕೇಳಿಸಿಕೊಳ್ಳೋ ಜಿಯೋಫೋನ್‌ಗಳು ಬೇಕು.

ಹಾಗಾದರೆ ಕೆ ಎಲ್ಲಿಂದ ತರೋದು?

ಅಳೆಯಬೇಕು. ಅಳೆಯೋ ಒಂದು ವಿಧಾನ ಮತ್ತೆ ಬೋರಿಗೇ ಕರಕೊಂಡು ಬರುತ್ತೆ. ಬೋರಿನ ಒಂದು ಭಾಗವನ್ನ ಮೇಲೆ ಕೆಳಗೆ ರಬ್ಬರ್ ಪ್ಯಾಕರಿನಿಂದ ಬಿಗಿ ಮಾಡಿ ನೀರು ಪಂಪ್ ಮಾಡ್ತಾರೆ. ಒಂದು ಒತ್ತಡದಲ್ಲಿ ಕಲ್ಲು ಸೀಳುತ್ತೆ. ಸೀಳೋದು ಅಂಚಿನ ಸ್ಟ್ರೆಸ್ ಅತಿ ಕಡಿಮೆ ಇರೋ ಜಾಗದಲ್ಲಿ. ನಮ್ಮ ಲೆಕ್ಕದ ಬೋರಿನಲ್ಲಿ ಅದು 3 × 5 − 10 = 5 ಮೆಗಾಪ್ಯಾಸ್ಕಲ್. ನೀರಿನ ಒತ್ತಡ ಇದನ್ನೂ, ಕಲ್ಲಿನ ಎಳೆತದ ಶಕ್ತಿಯನ್ನೂ ಸೇರಿಸಿ ಮೀರಬೇಕು. ಪಂಪ್ ನಿಲ್ಲಿಸಿದಾಗ ಸೀಳು ಮುಚ್ಚಿಕೊಳ್ಳೋ ಒತ್ತಡ ಚಿಕ್ಕ ಅಡ್ಡ ಸ್ಟ್ರೆಸ್ಸನ್ನ ಹೇಳುತ್ತೆ. ಸೂತ್ರಕ್ಕೆ ಹಾಕಿದರೆ ದೊಡ್ಡದೂ ಸಿಗುತ್ತೆ. ಸೀಳು ಹೋದ ದಿಕ್ಕೇ ದೊಡ್ಡ ಸ್ಟ್ರೆಸ್ಸಿನ ದಿಕ್ಕು. ಇದೇ ಹೈಡ್ರೋಫ್ರ್ಯಾಕ್ಚರಿಂಗ್. ಬತ್ತಿದ ಬೋರಿನಲ್ಲಿ ಬಿರುಕು ಅಗಲ ಮಾಡಿ ನೀರು ತರಿಸೋಕೂ ಇದೇ ಉಪಾಯ ಬಳಸ್ತಾರೆ.

ನೀವು ಮಾಡೋದಾದರೆ

ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೋಬೇಕಿಲ್ಲ. ಪೈಥಾನ್ ಬಂದರೆ ಒಂದು ಸಂಜೆ ಸಾಕು. ತೂತಿನ ಸುತ್ತ ಚೌಕುಳಿ ಬಿಂದುಗಳನ್ನ ಮಾಡಿ, ಪ್ರತಿ ಬಿಂದುವಿಗೂ ಕಿರ್ಷ್ ಸೂತ್ರ ಹಾಕಿ, ಕಾಂಟೂರ್ ಬಿಡಿಸಿ. ಕೆಯನ್ನ 0.3ರಿಂದ 3ರವರೆಗೆ ಬದಲಾಯಿಸ್ತಾ ಬಣ್ಣ ಚಾವಣಿಯಿಂದ ಗೋಡೆಗೆ ಹೇಗೆ ಓಡಾಡುತ್ತೆ ನೋಡಿ. ಆಮೇಲೆ ದೊಡ್ಡ ಸಾಫ್ಟ್‌ವೇರಿಗೆ ಹೋದಾಗ ಈ ನಾಲ್ಕು ನೆನಪಿರಲಿ:

1. ಮೊದಲು ದುಂಡನೆಯ ತೂತು ಮಾಡಿ, ಕಿರ್ಷ್ ಉತ್ತರ ಬರುತ್ತಾ ನೋಡಿ. ಬರದಿದ್ದರೆ ಮುಂದೆ ಹೋಗಬೇಡಿ.
2. ಮಾಡೆಲಿನ ಹೊರ ಅಂಚು ದೂರ ಇರಲಿ. ನಾವು ಮೊದಲು ಮೂರು ತ್ರಿಜ್ಯಕ್ಕೇ ನಿಲ್ಲಿಸಿದ್ವಿ, ಉತ್ತರ ಕೆಟ್ಟಿತು. ಹತ್ತು ತ್ರಿಜ್ಯ ಇದ್ದರೆ ನೆಮ್ಮದಿ.
3. ಅಂಚಿನಲ್ಲಿ ತ್ರಿಕೋನಗಳು ಸಣ್ಣಗಿರಲಿ. ದಪ್ಪ ಮೆಷ್ ಇದ್ದರೆ ಅತಿ ಹೆಚ್ಚಿನ ಸ್ಟ್ರೆಸ್ ಕಡಿಮೆ ಕಾಣುತ್ತೆ. ಮೆಷ್ ಅರ್ಧ ಮಾಡಿ, ಉತ್ತರ ಬದಲಾಗದೇ ಇರೋವರೆಗೂ.
4. ಕಲ್ಲಿನ ಸಾಫ್ಟ್‌ವೇರುಗಳಲ್ಲಿ ಸಾಮಾನ್ಯವಾಗಿ ಒತ್ತೋದು ಪ್ಲಸ್. ಆನ್ಸಿಸ್ ತರದವುಗಳಲ್ಲಿ ಎಳೆಯೋದು ಪ್ಲಸ್. ಬಣ್ಣ ನೋಡೋಕೆ ಮೊದಲು ಪಕ್ಕದ ಸ್ಕೇಲ್ ಓದಿ.

ಇದೆಲ್ಲ ಪರೀಕ್ಷೆಗೆ ಮಾತ್ರ ಅಂದುಕೊಳ್ಳಬೇಡಿ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಹತ್ತಿರ ಸುಮಾರು 7 ಕಿಲೋಮೀಟರ್ ಸುರಂಗದಲ್ಲಿ ಹಾದು ಚಿತ್ರದುರ್ಗದ ಕಡೆ ಬರುತ್ತೆ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳೂ ಆ ಯೋಜನೆಯ ವ್ಯಾಪ್ತಿಯಲ್ಲಿವೆ. ಬೆಂಗಳೂರಿನ ಮೆಟ್ರೋ ಸುರಂಗದಲ್ಲಿ ನಾವೇ ಓಡಾಡ್ತೀವಿ. ಹಟ್ಟಿ ಚಿನ್ನದ ಗಣಿಯಲ್ಲಿ ಇವತ್ತೂ ಜನ ಕೆಳಗಿಳಿದು ಕೆಲಸ ಮಾಡ್ತಿದ್ದಾರೆ. ಅವರ ತಲೆ ಮೇಲಿನ ಕಲ್ಲಿನ ಬಗ್ಗೆ ಯಾರೋ ಒಬ್ಬರು ಕಂಪ್ಯೂಟರ್ ಮುಂದೆ ಕೂತು ಒಂದು ಕೆ ಟೈಪ್ ಮಾಡಿರ್ತಾರೆ. ಇನ್ನು ಕೆಲವು ವರ್ಷಕ್ಕೆ ಆ ಕುರ್ಚಿಯಲ್ಲಿ ನಮ್ಮಲ್ಲೇ ಯಾರೋ ಕೂತಿರಬಹುದು.

ನಮ್ಮ ಗೆಳೆಯ ದೊಡ್ಡಪ್ಪನಿಗೆ ಫೋನ್ ಮಾಡಿ ಉತ್ತರ ಹೇಳಿದ. ಕಲ್ಲು ಬಾವಿಕಟ್ಟಡದ ಹಾಗೆ ಒಂದನ್ನೊಂದು ಒತ್ತಿ ಹಿಡಿದಿದೆ, ಅಷ್ಟು ಆಳಕ್ಕೆ ಅದರ ಶಕ್ತಿ ಧಾರಾಳ ಸಾಕು ಅಂತ. ಅವರು ಕೇಳಿಸಿಕೊಂಡು, "ಹಂಗಾದ್ರೆ ನಮ್ಮೂರ ಕಲ್ಲು ಪಕ್ಕದಿಂದ ಎಷ್ಟು ಒತ್ತುತ್ತೆ ಅಂತ ನಿಮಗೆ ಹೆಂಗೆ ಗೊತ್ತು?" ಅಂದರಂತೆ.

"ಗೊತ್ತಿಲ್ಲ ದೊಡ್ಡಪ್ಪ, ಅಂದಾಜು ಹಾಕಿದ್ದು. ಅಳೀಬೇಕು" ಅಂದ ಇವನು. ನಮ್ಮ ರಿಪೋರ್ಟಿನ ಮೊದಲನೇ ಪುಟದಲ್ಲಿ ಈಗ ಅದೇ ಸಾಲು ಇದೆ.